ತೊಟ್ಟಿಲಿನ ಹರೆಯ

ಮಗು ಹುಟ್ಟಿದ ಮನೆಗೆ ವೈದ್ಯನಾದವನು ಬರಿಯ ನೆಂಟನಾಗಿ ಹೋಗಲಾರ. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ, ಬೆಲ್ಲ ನೀರು ಕೈಸೇರುವ ಮೊದಲೇ, ಪ್ರಶ್ನೆಗಳು ಬಂದು ಸುತ್ತುವರಿಯುತ್ತವೆ. ಕಳೆದ ವರ್ಷ ಶ್ರಾವಣ ಮಾಸದಲ್ಲಿ ಯಲ್ಲಾಪುರದ ಕಡೆಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗಲೂ ಹಾಗೆಯೇ ಆಯಿತು. ಪೇಟೆಯಿಂದ ಆರೇಳು ಮೈಲಿ ಒಳಗೆ, ಅಡಿಕೆ ತೋಟದ ಮೇಲ್ಬದಿಗೆ ಇರುವ ಹಂಚಿನ ಮನೆ ಅದು. ಮಳೆ ಹಿಡಿದು ಎಂಟು ದಿನಗಳಾಗಿದ್ದುವು. ಅಕ್ಕನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಬಾಣಂತಿಯಾಗಿದ್ದಳು. ಮಾಣಿಗೆ—ಗಂಡುಮಗುವನ್ನು ಆ ಮನೆಗಳಲ್ಲಿ ಕರೆಯುವುದು ಹಾಗೆ—ಅಂದಿಗೆ ಇಪ್ಪತ್ತೆರಡು ದಿನ. ನಾನು ಹೋದ ವಾರವೇ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ತಳಿಯ ಹಸುವೂ ಈದಿತ್ತು. ಅದು ಹಾಕಿದ್ದೂ ಹೋರಿಗರುವೇ.

ಬೆಳಗಿನ ಹೊತ್ತು. ಬಚ್ಚಲಿನಲ್ಲಿ ಹಂಡೆಯ ನೀರು ಕಾದು ಹಬೆಯಾಡುತ್ತಿತ್ತು. ಅಕ್ಕ ಮಣೆಯ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಕಾಲಿನ ಮೇಲೆ ಉದ್ದಕ್ಕೆ ಮಲಗಿಸಿಕೊಂಡು, ತೆಂಗಿನೆಣ್ಣೆಯನ್ನು ಮೈಗೆ ತಿಕ್ಕುತ್ತಿದ್ದಳು. ನನ್ನನ್ನು ಕಂಡೊಡನೆ ಕರೆದಳು.

“ತಮ್ಮಾ, ಇಲ್ಲಿ ಬಾ. ಮೂರು ಸಂಗತಿ ಕೇಳಬೇಕು. ಮಗುವಿನ ಎದೆ ಊದಿಕೊಂಡು ಹಾಲಿನ ಹನಿ ಬರುತ್ತಿದೆ. ಹಿಂಡಿ ತೆಗೆಯದಿದ್ದರೆ ಗಟ್ಟಿಯಾಗುತ್ತದೆಂದು ಆಚೆಮನೆಯ ಅಜ್ಜಿ ಹೇಳಿ ಹೋದಳು. ಮುಖದ ಮೇಲೆ ಹರೆಯದ ಹುಡುಗರ ಹಾಗೆ ಮೊಡವೆ ಎದ್ದಿದೆ. ಇನ್ನೊಂದು...” ಎಂದು ದನಿ ತಗ್ಗಿಸಿದಳು. “ಎಡಗಡೆಯ ಬೀಜ ಕೈಗೆ ಸಿಗುವುದಿಲ್ಲ. ಕೊಟ್ಟಿಗೆಯ ಕರುವಿಗೆ ಹುಟ್ಟುವಾಗಲೇ ಎಲ್ಲ ಸರಿಯಾಗಿದೆ. ನಮ್ಮ ಮಾಣಿಗೆ ಏಕೆ ಹೀಗೆ?”

ಬಾಗಿಲ ಮರೆಯಲ್ಲಿ ನಿಂತಿದ್ದ ತಾಯಿಯ ಮುಖವನ್ನು ನೋಡಿದೆ. ಮೂರನೆಯ ಮಾತಿಗೆ ಅದು ಬಿಳಿಚಿಕೊಂಡಿತ್ತು. “ಮಾವ, ಮುಂದೆ ತೊಂದರೆಯೇನೂ ಇಲ್ಲವಷ್ಟೆ?” ಎಂದಳು.

ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಮಾತಿನಲ್ಲಿ, ನಾನು ಅನೇಕ ಸಲ ಕೇಳಿದ್ದೇನೆ. ಮೂರಕ್ಕೂ ಸಂಬಂಧವಿದೆ. ಹುಟ್ಟುವ ಹೊತ್ತಿನಲ್ಲಿಯೂ ಆಮೇಲಿನ ಕೆಲವು ತಿಂಗಳುಗಳಲ್ಲಿಯೂ ಶಿಶುವಿನ ರಕ್ತದಲ್ಲಿ ನಡೆಯುವ ಒಂದು ದೊಡ್ಡ ಏರಿಳಿತವನ್ನು ತಿಳಿದುಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಅಂದು ಅಕ್ಕನಿಗೆ ಹೇಳಿದುದನ್ನೇ ಈ ವಾರ ವಾಚಕರ ಮುಂದಿಡುತ್ತೇನೆ. ಮನೆಯಲ್ಲಿ ಗಂಡುಮಗು ಇರುವವರು ಕೊನೆಯವರೆಗೂ ಓದಬೇಕೆಂದು ಕೋರಿಕೆ.

ಗರ್ಭದೊಳಗಿನ ಮೊದಲ ಅಧ್ಯಾಯ

ನಮ್ಮ ಶರೀರದಲ್ಲಿ ಕೆಲವು ಗ್ರಂಥಿಗಳಿವೆ. ಅವುಗಳಿಗೆ ನಾಳವಿಲ್ಲ, ತಾವು ತಯಾರಿಸಿದ ರಸವನ್ನು ನೇರವಾಗಿ ರಕ್ತಕ್ಕೆ ಸೇರಿಸುತ್ತವೆ. ಆ ರಸವು ರಕ್ತದೊಡನೆ ಹರಿದು, ದೂರದ ಅಂಗವೊಂದಕ್ಕೆ ‘ಬೆಳೆ’, ‘ನಿಲ್ಲು’, ‘ಕೆಲಸ ಮಾಡು’ ಎಂಬ ಅಪ್ಪಣೆಯನ್ನು ತಲುಪಿಸುತ್ತದೆ. ೧೯೦೫ರಲ್ಲಿ ಲಂಡನ್ನಿನ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಇವುಗಳಿಗೆ ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದ. ಕನ್ನಡದಲ್ಲಿ ರಸದೂತ ಎಂಬ ಸೊಗಸಾದ ಮಾತೂ ಉಂಟು. ಗಂಡಿನ ವೃಷಣದಲ್ಲಿ ಹುಟ್ಟುವ ಮುಖ್ಯ ರಸದೂತದ ಹೆಸರು ಟೆಸ್ಟಾಸ್ಟೆರಾನ್. ೧೯೩೫ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕರ್ ಮತ್ತು ಸಂಗಡಿಗರು ನೂರು ಕಿಲೋಗ್ರಾಂ ಹೋರಿಯ ವೃಷಣಗಳನ್ನು ಸಂಸ್ಕರಿಸಿ, ಬರಿಯ ಹತ್ತು ಮಿಲಿಗ್ರಾಂನಷ್ಟು ಶುದ್ಧ ವಸ್ತುವನ್ನು ಪಡೆದರು. ಒಂದು ಚಿಟಿಕೆಯೂ ಅಲ್ಲ! ಆದರೆ ಇಷ್ಟು ಅಲ್ಪವಾದ ವಸ್ತು ಮಾಡುವ ಕಾರ್ಯ ಅಲ್ಪವಲ್ಲ.

ಗರ್ಭ ಕಟ್ಟಿದ ಆರೇಳು ವಾರಗಳವರೆಗೆ ಭ್ರೂಣದ ಶರೀರದಲ್ಲಿ ಗಂಡು ಹೆಣ್ಣೆಂಬ ಭೇದ ಕಾಣುವುದಿಲ್ಲ. ಅನಂತರ ವೈ ವರ್ಣತಂತುವಿನಲ್ಲಿರುವ ಒಂದು ಜೀನು—ಲಂಡನ್ನಿನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು ೧೯೯೦ರಲ್ಲಿ—ಎಳೆಯ ಗ್ರಂಥಿಗೆ ವೃಷಣವಾಗುವಂತೆ ಸೂಚನೆ ಕೊಡುತ್ತದೆ. ಎಂಟನೆಯ ವಾರದ ಸುಮಾರಿಗೆ ಆ ವೃಷಣ ಟೆಸ್ಟಾಸ್ಟೆರಾನನ್ನು ತಯಾರಿಸಲಾರಂಭಿಸುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಅದರ ಪ್ರಮಾಣ ಶಿಖರಕ್ಕೇರಿ, ಗರ್ಭದ ಉತ್ತರಾರ್ಧದಲ್ಲಿ ಮೆಲ್ಲಗೆ ತಗ್ಗುತ್ತದೆ. ಗಂಡು ಶರೀರದ ರೂಪರೇಖೆಯೆಲ್ಲ ಸಿದ್ಧವಾಗುವುದು ಈ ಅವಧಿಯಲ್ಲಿಯೇ.

ಇದು ಊಹೆಯ ಮಾತಲ್ಲ. ೧೯೪೭ರಲ್ಲಿ ಆಲ್ಫ್ರೆಡ್ ಜೋಸ್ಟ್ ಎಂಬ ಫ್ರೆಂಚ್ ವಿಜ್ಞಾನಿ ತಾಯಿಮೊಲದ ಗರ್ಭದೊಳಗಿರುವ ಮರಿಗಳಿಗೇ ಶಸ್ತ್ರಕ್ರಿಯೆ ಮಾಡಿ, ಬೆಳೆಯುತ್ತಿರುವ ವೃಷಣವನ್ನು ತೆಗೆದುಹಾಕಿದ. ಗಂಡಾಗಬೇಕಾಗಿದ್ದ ಆ ಮರಿಗಳು ಹೆಣ್ಣಿನ ದೇಹರಚನೆಯನ್ನು ತಳೆದುವು. ವೃಷಣದಿಂದ ಬರುವ ರಸಗಳು ಸಿಗದೆ ಹೋದರೆ ಗಂಡಿನ ರೂಪ ಮೂಡದೆಂಬುದು ಅಂದಿನಿಂದ ಖಚಿತವಾಯಿತು.

ಕೊಟ್ಟಿಗೆಯ ಅನುಭವವಿರುವವರಿಗೆ ಇದರ ಇನ್ನೊಂದು ಸಾಕ್ಷಿ ಸಿಗಬಹುದು. ಹಸು ಅವಳಿ ಕರು ಹಾಕಿ, ಒಂದು ಹೋರಿಗರು ಇನ್ನೊಂದು ಹೆಣ್ಣುಗರುವಾದರೆ, ಆ ಹೆಣ್ಣುಗರು ದೊಡ್ಡದಾದ ಮೇಲೆ ಸಾಮಾನ್ಯವಾಗಿ ಗಬ್ಬವಾಗುವುದಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವು ಹೀಗೆಯೇ. ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ ಲಂಡನ್ನಿನಲ್ಲಿ ೧೭೭೯ರಷ್ಟು ಹಿಂದೆಯೇ ಇಂತಹ ಹಸುಗಳನ್ನು ಕೊಯ್ದು ನೋಡಿ ವರ್ಣಿಸಿದ್ದ. ಕಾರಣ ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಷಿಕಾಗೋದ ಫ್ರಾಂಕ್ ಲಿಲ್ಲಿ ೧೯೧೬ರಲ್ಲಿ ತೋರಿಸಿದಂತೆ, ಅವಳಿ ಕರುಗಳ ಮಾಸುಗಳ ರಕ್ತನಾಳಗಳು ಒಂದರೊಡನೊಂದು ಕೂಡಿಕೊಂಡಿರುತ್ತವೆ. ಅಣ್ಣನ ರಕ್ತದಲ್ಲಿರುವ ರಸದೂತಗಳು ತಂಗಿಯ ದೇಹವನ್ನೂ ಹೊಕ್ಕು, ಅವಳ ಗರ್ಭಕೋಶ ಬೆಳೆಯದಂತೆ ಮಾಡುತ್ತವೆ. ಮನುಷ್ಯರ ಅವಳಿಗಳಲ್ಲಿ ಹೀಗೆ ರಕ್ತ ಬೆರೆಯುವುದು ಅತಿ ವಿರಳ. ಆದುದರಿಂದ ಅಣ್ಣನೊಡನೆ ಹುಟ್ಟಿದ ಹೆಣ್ಣುಮಗುವಿನ ಬಗೆಗೆ ಯಾರೂ ಚಿಂತಿಸಬೇಕಾದುದಿಲ್ಲ.

ಕರುವಿಗಿದ್ದುದು ಮಗುವಿಗೆ ಏಕಿಲ್ಲ?

ಇನ್ನು ಅಕ್ಕನ ಮೂರನೆಯ ಪ್ರಶ್ನೆಗೆ ಬರೋಣ. ವೃಷಣವು ಹುಟ್ಟುವುದು ನಾವು ಅದನ್ನು ಕಾಣುವ ಸ್ಥಳದಲ್ಲಿ ಅಲ್ಲ. ಹೊಟ್ಟೆಯೊಳಗೆ, ಮೂತ್ರಪಿಂಡದ ಸಮೀಪದಲ್ಲಿ. ಅಲ್ಲಿಂದ ಅದು ಕೆಳಗಿಳಿದು ಚರ್ಮದ ಚೀಲವನ್ನು ಸೇರಬೇಕು. ಈ ಇಳಿಯುವಿಕೆಗೆ ದಾರಿತೋರುವ ಹುರಿಯೊಂದಿದೆ. ಅದನ್ನು ೧೭೬೨ರಲ್ಲಿ ವರ್ಣಿಸಿದವನೂ ಮೇಲೆ ಹೇಳಿದ ಜಾನ್ ಹಂಟರನೇ. ಅದಕ್ಕೆ ಅವನು ಲ್ಯಾಟಿನ್ ಭಾಷೆಯಲ್ಲಿ ದೋಣಿಯ ಚುಕ್ಕಾಣಿ ಎಂಬರ್ಥದ ಹೆಸರಿಟ್ಟ. ಪ್ರಯಾಣ ಎರಡು ಹಂತಗಳಲ್ಲಿ ಸಾಗುತ್ತದೆ. ಸುಮಾರು ಹದಿನೈದನೆಯ ವಾರದೊಳಗೆ ವೃಷಣ ತೊಡೆಸಂದಿನ ಒಳಬಾಗಿಲಿಗೆ ಬಂದು ನಿಲ್ಲುತ್ತದೆ. ಇಪ್ಪತ್ತೈದರಿಂದ ಮೂವತ್ತೈದನೆಯ ವಾರದ ನಡುವೆ ಇಕ್ಕಟ್ಟಾದ ನಾಳವೊಂದನ್ನು ದಾಟಿ ಚೀಲಕ್ಕೆ ಇಳಿಯುತ್ತದೆ. ಈ ಎರಡನೆಯ ಹಂತಕ್ಕೆ ಟೆಸ್ಟಾಸ್ಟೆರಾನಿನ ನೆರವು ಬೇಕೇ ಬೇಕು.

ಇಷ್ಟೆಲ್ಲ ಪ್ರಯಾಸ ಏತಕ್ಕೆಂದರೆ, ಹೊಟ್ಟೆಯ ಒಳಗಿನ ಕಾವು ವೀರ್ಯಾಣುಗಳ ಉತ್ಪತ್ತಿಗೆ ಹೆಚ್ಚಾಗುತ್ತದೆ. ಹೊರಗಿನ ಚೀಲದಲ್ಲಿ ಉಷ್ಣತೆ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ. ಆದರೆ ಎಲ್ಲ ಪ್ರಾಣಿಗಳಿಗೂ ಒಂದೇ ವೇಳಾಪಟ್ಟಿಯಿಲ್ಲ. ಹೋರಿಗರುವಿಗೆ ಗರ್ಭದ ಒಂಬತ್ತು ತಿಂಗಳಲ್ಲಿ ಅರ್ಧ ಕಳೆಯುವಷ್ಟರಲ್ಲಿ ಇಳಿಯುವ ಕೆಲಸ ಮುಗಿದಿರುತ್ತದೆ. ನಾಯಿಮರಿಗೆ ಅದು ಪೂರ್ಣವಾಗುವುದು ಹುಟ್ಟಿದ ಮೇಲೆ. ದಾಂಡೇಲಿಯ ಕಾಡಿನಿಂದ ಮುಂಡಗೋಡ, ಯಲ್ಲಾಪುರದ ಗದ್ದೆಗಳವರೆಗೆ ಬರುವ ಗಂಡಾನೆಗೆ ಇಳಿಯುವುದೇ ಇಲ್ಲ. ಜೀವಮಾನವೆಲ್ಲ ಮೂತ್ರಪಿಂಡದ ಬಳಿಯಲ್ಲಿಯೇ ಉಳಿದಿದ್ದು, ಅದರಿಂದ ಆನೆಗೆ ಯಾವ ಕುಂದೂ ಇಲ್ಲ. ಮನುಷ್ಯನಲ್ಲಿ ಸಾಮಾನ್ಯವಾಗಿ ಹುಟ್ಟುವ ಕೆಲವು ವಾರಗಳ ಮೊದಲು ಈ ಕಾರ್ಯ ಮುಗಿಯುತ್ತದೆ. ಆದರೆ ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಎರಡರಿಂದ ನಾಲ್ವರಿಗೆ ಒಂದು ಕಡೆಯಾದರೂ ಇಳಿದಿರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಈ ಸಂಖ್ಯೆ ಮೂವತ್ತರವರೆಗೂ ಏರುವುದುಂಟು. ಏಳನೆಯ ತಿಂಗಳಲ್ಲಿ ಹುಟ್ಟಿದ ಮಗು ಆ ಪ್ರಯಾಣದ ನಡುವೆಯೇ ಹೊರಗೆ ಬಂದಿರುತ್ತದೆಯಷ್ಟೆ.

ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ

ಹುಟ್ಟುವ ಹೊತ್ತಿಗೆ ಇಳಿಯದೆ ಉಳಿದದ್ದಕ್ಕೆ ಪ್ರಕೃತಿ ಇನ್ನೊಂದು ಅವಕಾಶ ಕೊಟ್ಟಿದೆ. ಈ ಅಂಕಣದ ಮುಖ್ಯ ವಿಷಯ ಅದೇ.

ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಹೇರಳವಾಗಿ ತಯಾರಿಸುತ್ತದೆ. ಅದು ಶಿಶುವಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಲಗಾಮು ಹಾಕಿದಂತೆ. ಪಿಟ್ಯುಟರಿ ಸುಮ್ಮನಿದ್ದರೆ ವೃಷಣವೂ ಬಹಳಮಟ್ಟಿಗೆ ಸುಮ್ಮನಿರುತ್ತದೆ. ಮಗು ಹುಟ್ಟಿ, ಹೊಕ್ಕುಳಬಳ್ಳಿ ಕತ್ತರಿಸಿ, ಮಾಸು ಬಿದ್ದೊಡನೆಯೇ ಲಗಾಮು ಸಡಿಲುತ್ತದೆ. ಗಂಡು ಇಲಿಮರಿಯಲ್ಲಿ ಹುಟ್ಟಿದ ಸುಮಾರು ಎರಡು ಗಂಟೆಗಳಲ್ಲಿ ಟೆಸ್ಟಾಸ್ಟೆರಾನ್ ಥಟ್ಟನೆ ಮೇಲೇರಿ, ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಮನುಷ್ಯನ ಗಂಡುಶಿಶುವಿನಲ್ಲಿಯೂ ಮೊದಲ ದಿನ ಇಂತಹದೊಂದು ಅಲೆ ಎದ್ದು ಅಡಗುತ್ತದೆ.

ಇಲಿಯ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು, ಮನುಷ್ಯನದು ಮುಗಿಯಲಿಲ್ಲ. ಮೊದಲ ವಾರ ಕಳೆದ ಮೇಲೆ ಪಿಟ್ಯುಟರಿ ಮತ್ತೆ ಎಚ್ಚತ್ತು ವೃಷಣವನ್ನು ಪ್ರಚೋದಿಸುತ್ತದೆ. ಟೆಸ್ಟಾಸ್ಟೆರಾನ್ ಏರುತ್ತ ಹೋಗಿ, ಒಂದರಿಂದ ಮೂರನೆಯ ತಿಂಗಳ ನಡುವೆ ಶಿಖರವನ್ನು ಮುಟ್ಟುತ್ತದೆ. ಆಗ ತೊಟ್ಟಿಲಿನಲ್ಲಿ ಬೆರಳು ಚೀಪುತ್ತ ಮಲಗಿರುವ ಶಿಶುವಿನ ರಕ್ತದಲ್ಲಿರುವ ಪ್ರಮಾಣ ಹದಿಹರೆಯದ ನಡುಘಟ್ಟದಲ್ಲಿರುವ ಹುಡುಗನದಕ್ಕೆ ಸಮೀಪಿಸುತ್ತದೆಂದರೆ ನಂಬುವುದು ಕಷ್ಟ. ಆಮೇಲೆ ಇಳಿಯತೊಡಗಿ, ಆರು ತಿಂಗಳ ಹೊತ್ತಿಗೆ ಬಹುತೇಕ ಬತ್ತಿಹೋಗುತ್ತದೆ. ಈ ಸಲ ಲಗಾಮು ಹಾಕುವುದು ಮಗುವಿನ ಮಿದುಳೇ. ಆ ಮೌನ ಮುರಿಯುವುದು ನಿಜವಾದ ಹರೆಯ ಬಂದಾಗ.

ಇದನ್ನು ಮೊದಲು ಸ್ಪಷ್ಟವಾಗಿ ಅಳೆದು ತೋರಿಸಿದವರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಮಾಗ್ಲೋನ್ ಫೊರೆಸ್ಟ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು ಮುಖ್ಯರು. ಹಾಲುಗೂಸಿನ ವೃಷಣ ಕೆಲಸ ಮಾಡುತ್ತಿದೆಯೆಂಬ ಅವರ ವರದಿ ಪ್ರಕಟವಾದದ್ದು ೧೯೭೩ರಲ್ಲಿ. ಅಲ್ಲಿಯವರೆಗೆ ಬಾಲ್ಯವೆಂದರೆ ಈ ಗ್ರಂಥಿಗಳ ಅಖಂಡ ನಿದ್ರೆಯೆಂದೇ ಎಲ್ಲರೂ ಭಾವಿಸಿದ್ದರು. ವೈದ್ಯರು ಇದನ್ನು ‘ಮಿನಿ ಪ್ಯೂಬರ್ಟಿ’ ಎನ್ನುತ್ತಾರೆ. ನಾವು ತೊಟ್ಟಿಲಿನ ಹರೆಯ ಎನ್ನೋಣ. ಹೆಣ್ಣುಶಿಶುವಿಗೂ ಇಂತಹದೇ ಒಂದು ಅವಧಿಯುಂಟು. ಅವಳಲ್ಲಿ ಏರುವ ಹಾರ್ಮೋನುಗಳು ಬೇರೆ, ಅವಧಿಯೂ ದೀರ್ಘ.

ಮಂಗಗಳಲ್ಲಿಯೂ ಈ ಹರೆಯವುಂಟು. ರೀಸಸ್ ಜಾತಿಯ ಗಂಡುಮರಿಗೆ ಹುಟ್ಟಿದ ಮೊದಲ ಮೂರು ನಾಲ್ಕು ತಿಂಗಳು ಟೆಸ್ಟಾಸ್ಟೆರಾನ್ ಹೆಚ್ಚಾಗಿದ್ದು, ಅನಂತರ ವರ್ಷಗಟ್ಟಲೆ ಕಾಣದಾಗುತ್ತದೆ. ಯಲ್ಲಾಪುರದ ತೋಟಗಳಲ್ಲಿ ಬಾಳೆಗೊನೆಗೆ ಲಗ್ಗೆಯಿಡುವ ನಮ್ಮ ಕೆಂಪುಮೋರೆಯ ಮಂಗ ಅದರ ಹತ್ತಿರದ ನೆಂಟ. ಇದೇ ಮಂಗವನ್ನು ಸಾಕಿ, ಪಿಟ್ಯುಟರಿಯ ಹಾರ್ಮೋನುಗಳು ಗಂಡಿನಲ್ಲಿ ಏನು ಮಾಡುತ್ತವೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಅಭ್ಯಸಿಸಿದರು. ತೋಟದವರಿಗೆ ಉಪದ್ರವ ಕೊಡುವ ಪ್ರಾಣಿ ವೈದ್ಯರಿಗೆ ಗುರುವಾಗಿದೆ!

“ಅಷ್ಟು ಹಾರ್ಮೋನು ಇದ್ದರೆ ಮಗುವಿಗೆ ಮೀಸೆ ಏಕೆ ಬರುವುದಿಲ್ಲ?” ಎಂದು ಅಕ್ಕ ನಡುವೆ ಕೇಳಿದಳು. ಸರಿಯಾದ ಪ್ರಶ್ನೆ. ಒಂದು, ರಕ್ತದಲ್ಲಿರುವ ಹಾರ್ಮೋನಿನ ಬಹುಭಾಗ ಒಂದು ಪ್ರೋಟೀನಿಗೆ ಅಂಟಿಕೊಂಡು ಕಟ್ಟಿಹಾಕಿದಂತಿರುತ್ತದೆ. ಎರಡು, ಅವಧಿ ತೀರ ಕಿರಿದು. ಮೂರು, ವೀರ್ಯಾಣುಗಳನ್ನು ಪೋಷಿಸಬೇಕಾದ ವೃಷಣದ ಜೀವಕೋಶಗಳಿಗೆ ಟೆಸ್ಟಾಸ್ಟೆರಾನಿನ ಕರೆಯನ್ನು ಕೇಳುವ ಕಿವಿ ಆ ವಯಸ್ಸಿನಲ್ಲಿ ಇನ್ನೂ ತೆರೆದಿರುವುದಿಲ್ಲ. ಆದರೆ ಆ ಜೀವಕೋಶಗಳು ಈ ತಿಂಗಳುಗಳಲ್ಲಿ ಸಂಖ್ಯೆಯಲ್ಲಿ ವೃದ್ಧಿಸುತ್ತವೆ. ಮುಂದೆ ವೀರ್ಯಾಣುಗಳಾಗಬೇಕಾದ ಮೂಲಕೋಶಗಳು ಮೊದಲ ವರ್ಷದಲ್ಲಿಯೇ ಒಂದು ಮುಖ್ಯ ರೂಪಾಂತರವನ್ನು ಪಡೆಯುತ್ತವೆ. ಬಿತ್ತನೆಗೆ ಬಹಳ ಮೊದಲೇ ಸಸಿಮಡಿಯನ್ನು ಹದಮಾಡುವಂತಹ ಕೆಲಸ ಇದು. ಇಳಿಯದೆ ನಿಂತಿದ್ದ ವೃಷಣ ಎಷ್ಟೋ ಮಕ್ಕಳಲ್ಲಿ ತಾನಾಗಿ ಕೆಳಗಿಳಿಯುವುದೂ ಇದೇ ಕಾಲದಲ್ಲಿ.

ಈ ಹಾರ್ಮೋನು ಮಿದುಳಿನ ಮೇಲೆಯೂ ಮುದ್ರೆಯೊತ್ತುತ್ತದೆಯೆ? ಪ್ರಾಣಿಗಳಲ್ಲಿ ನಿಸ್ಸಂದೇಹವಾಗಿ ಹೌದು. ೧೯೫೯ರಲ್ಲಿ ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ನಾಲ್ವರು ವಿಜ್ಞಾನಿಗಳು ಗರ್ಭಿಣಿ ಗಿನಿ ಇಲಿಗಳಿಗೆ ಟೆಸ್ಟಾಸ್ಟೆರಾನ್ ಕೊಟ್ಟಾಗ, ಹುಟ್ಟಿದ ಹೆಣ್ಣುಮರಿಗಳು ಬೆಳೆದು ಗಂಡಿನಂತೆ ವರ್ತಿಸಿದುವು. ಆದರೆ ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸುವುದು ಸಲ್ಲದು. ಮನುಷ್ಯನ ಗುಣ ಸ್ವಭಾವಗಳನ್ನು ತಾಯಿ, ಮನೆ, ನೆರೆಹೊರೆ, ಶಾಲೆ ಎಲ್ಲವೂ ಸೇರಿ ರೂಪಿಸುತ್ತವೆ. ಶಿಶುವಿನ ಹಾರ್ಮೋನನ್ನು ನೋಡಿ ಅವನ ಭವಿಷ್ಯವನ್ನು ಹೇಳಬಲ್ಲೆನೆಂದು ಯಾರಾದರೂ ಅಂದರೆ ನಂಬಬೇಡಿ.

ಹಿಂಡಬೇಡಿ, ತಿಕ್ಕಬೇಡಿ

ಈಗ ಅಕ್ಕನ ಮೊದಲೆರಡು ಪ್ರಶ್ನೆಗಳು. ಗರ್ಭದಲ್ಲಿರುವಾಗ ಮಗುವಿನ ಎದೆಯ ಅಂಗಾಂಶ ತಾಯಿಯ ಕಡೆಯಿಂದ ಬರುವ ಹಾರ್ಮೋನುಗಳ ಪ್ರಭಾವದಿಂದ ಸ್ವಲ್ಪ ಬೆಳೆದಿರುತ್ತದೆ. ಹುಟ್ಟಿದ ಮೇಲೆ ಆ ಹಾರ್ಮೋನುಗಳು ಥಟ್ಟನೆ ನಿಂತಾಗ, ತಾಯಿಯ ಎದೆಯಲ್ಲಿ ಹಾಲು ಬರುವಂತೆಯೇ, ಮಗುವಿನ ಎದೆಯಲ್ಲಿಯೂ ಒಂದೆರಡು ಹನಿ ಹಾಲು ಒಸರುವುದುಂಟು. ಗಂಡುಮಗು ಹೆಣ್ಣುಮಗು ಎಂಬ ಭೇದ ಇದಕ್ಕಿಲ್ಲ. ಕೆಲವು ವಾರಗಳಲ್ಲಿ, ಕೆಲವರಿಗೆ ಕೆಲವು ತಿಂಗಳುಗಳಲ್ಲಿ, ಅದು ತಾನಾಗಿ ಇಂಗಿಹೋಗುತ್ತದೆ.

ಇದನ್ನು ಹಿಂಡಿ ತೆಗೆಯುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಇದೆ. ಸದುದ್ದೇಶದಿಂದಲೇ ಮಾಡುತ್ತಾರೆ. ಆದರೆ ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಅಲ್ಲದೆ ಬೆರಳಿನ ಒತ್ತಡಕ್ಕೆ ಎಳೆಯ ಅಂಗಾಂಶ ನೊಂದು, ಚರ್ಮದ ಮೇಲಿನ ರೋಗಾಣುಗಳು ಒಳಸೇರಿ, ಕೀವು ಕಟ್ಟುವುದುಂಟು. ಹಾಗಾದರೆ ಮಗುವಿಗೆ ಜ್ವರ ಬಂದು, ಕೀವನ್ನು ಕೊಯ್ದು ತೆಗೆಯಬೇಕಾಗುತ್ತದೆ. ಹೆಣ್ಣುಮಗುವಾದರೆ ಮುಂದೆ ಆ ಸ್ತನವೇ ಸರಿಯಾಗಿ ಬೆಳೆಯದಿರಬಹುದು. ಆದುದರಿಂದ ಕೈ ಮುಟ್ಟದಿರುವುದೇ ಚಿಕಿತ್ಸೆ. ಒಂದು ಕಡೆ ಮಾತ್ರ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಮಗು ಅಳುವಂತಾದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಮುಖದ ಮೊಡವೆಯೂ ಈ ಹಾರ್ಮೋನುಗಳ ಕಾಲದ್ದೇ. ಚರ್ಮದ ಎಣ್ಣೆಗ್ರಂಥಿಗಳು ಚುರುಕಾದಾಗ ಎರಡನೆಯ ವಾರದಿಂದ ಮುಂದೆ ಏಳುತ್ತದೆ. ಕೆಲವು ತಿಂಗಳುಗಳಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಮುಖಕ್ಕೆ ಎಣ್ಣೆ ತಿಕ್ಕುವುದನ್ನು ಬಿಟ್ಟು, ಬರಿಯ ನೀರಿನಲ್ಲಿ ತೊಳೆದರೆ ಸಾಕು. ಅರಿಸಿನ, ಹಸಿಹಿಟ್ಟು, ಅಂಗಡಿಯ ಮುಲಾಮು ಯಾವುದೂ ಬೇಕಿಲ್ಲ.

ಅನ್ನಪ್ರಾಶನದ ಗಡುವು

ನಾನು ಮಗುವನ್ನು ಪರೀಕ್ಷಿಸಿದೆ. ಬಲಗಡೆಯದು ಸ್ವಸ್ಥಾನದಲ್ಲಿತ್ತು. ಎಡಗಡೆಯದು ತೊಡೆಸಂದಿನಲ್ಲಿ ಬಟಾಣಿಯಷ್ಟು ಗಾತ್ರದಲ್ಲಿ ಬೆರಳಿಗೆ ಸಿಕ್ಕಿತು. “ದಾರಿಯಲ್ಲಿದೆ, ಆರು ತಿಂಗಳವರೆಗೆ ಕಾಯೋಣ,” ಎಂದೆ. ಅಕ್ಕ ಎಣ್ಣೆಯ ಗಿಂಡಿಯನ್ನು ಬದಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ದೊಡ್ಡಪ್ಪನ ಮನೆಯ ಅಣ್ಣನಿಗೂ ಹೀಗೆಯೇ ಹೇಳಿದ್ದರಲ್ಲ, ದೊಡ್ಡವನಾದಂತೆ ಸರಿಹೋಗುತ್ತದೆ ಎಂದು,” ಎಂದಳು.

ಆ ಅಣ್ಣನ ಸಂಗತಿ ನನಗೂ ಗೊತ್ತಿತ್ತು. ಗಟ್ಟಿಮುಟ್ಟಾದ ಆಳು, ತೋಟದ ಕೆಲಸದಲ್ಲಿ ಎತ್ತಿದ ಕೈ. ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಾಗಲಿಲ್ಲ. ಅತ್ತಿಗೆಯನ್ನು ಎಲ್ಲೆಲ್ಲಿಗೋ ಕರೆದೊಯ್ದರು. ಹರಕೆ ಹೊರಿಸಿದರು, ಕಷಾಯ ಕುಡಿಸಿದರು. ಸೀಮಂತದ ಮನೆಗಳಿಗೆ ಅ‌ವಳು ಹೋಗುವುದನ್ನೇ ಬಿಟ್ಟಳು. ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ಗಂಡನನ್ನೂ ಪರೀಕ್ಷಿಸಬೇಕೆಂದಾಗ ತಿಳಿದದ್ದು—ಎರಡೂ ಕಡೆಯ ವೃಷಣಗಳು ಇಳಿದೇ ಇರಲಿಲ್ಲ. ಮೂವತ್ತು ವರ್ಷ ಹೊಟ್ಟೆಯ ಕಾವಿನಲ್ಲಿ ಬೆಂದ ಗ್ರಂಥಿಗೆ ಆಗ ಮಾಡಬಹುದಾದುದು ಹೆಚ್ಚೇನೂ ಉಳಿದಿರಲಿಲ್ಲ. ಎಳೆತನದಲ್ಲಿ ಅವನನ್ನು ಮೀಯಿಸಿದ ಹೆಂಗಸರಿಗೆಲ್ಲ ಇದು ಗೊತ್ತಿತ್ತು. ಗಂಡಸರ ಮುಂದೆ ಹೇಳುವ ಮಾತಲ್ಲವೆಂದು ಯಾರೂ ಹೇಳಿರಲಿಲ್ಲ. ಅಪವಾದವನ್ನು ಹೊತ್ತವಳು ಮಾತ್ರ ಅತ್ತಿಗೆ.

ಆದಕಾರಣ ‘ದೊಡ್ಡವನಾದಂತೆ ಸರಿಹೋಗುತ್ತದೆ’ ಎಂಬ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಮೊದಲ ತಿಂಗಳುಗಳಲ್ಲಿ ಅದು ನಿಜ; ತೊಟ್ಟಿಲಿನ ಹರೆಯ ನಡೆಯುತ್ತಿದೆ, ಹಾರ್ಮೋನು ಸಹಾಯ ಮಾಡುತ್ತಿದೆ. ಇಳಿಯುವವುಗಳಲ್ಲಿ ಹೆಚ್ಚಿನವು ಮೂರು ತಿಂಗಳೊಳಗೇ ಇಳಿಯುತ್ತವೆ. ಆರು ತಿಂಗಳಾದ ಮೇಲೆ ಅದು ಸುಳ್ಳು. ಹಾರ್ಮೋನು ಬತ್ತಿದೆ, ಇನ್ನು ತಾನಾಗಿ ಇಳಿಯುವುದು ಅಪೂರ್ವ. ಮುಂದೆ ಬರುವ ಹರೆಯ ಇಳಿಸುತ್ತದೆಂದು ಕಾದರೆ, ಅಷ್ಟರಲ್ಲಿ ಒಳಗಿನ ಸಸಿಮಡಿ ಒಣಗಿರುತ್ತದೆ.

ಆರು ತಿಂಗಳಿಗೆ ನಮ್ಮಲ್ಲಿ ಒಂದು ಗುರುತು ಇದೆ—ಅನ್ನಪ್ರಾಶನ. ಸರ್ಕಾರದ ಲಸಿಕಾ ಪಟ್ಟಿಯಂತೆ ಮಗುವನ್ನು ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಆಮೇಲಿನ ಸೂಜಿ ಒಂಬತ್ತನೆಯ ತಿಂಗಳಲ್ಲಿ. ನೋಡಲೇಬೇಕಾದ ಆರನೆಯ ತಿಂಗಳು ಈ ಎರಡರ ನಡುವಿನ ಬಿಡುವಿನಲ್ಲಿ ಕಳೆದುಹೋಗುತ್ತದೆ. ಆದುದರಿಂದ ಗಂಡುಮಗುವಿಗೆ ಅನ್ನಪ್ರಾಶನದ ದಿನ ನೋಡುವಾಗಲೇ ಇದನ್ನೂ ನೋಡಿಬಿಡಿ. ಬೆಚ್ಚನೆಯ ನೀರಿನಲ್ಲಿ ಮೀಯಿಸಿದ ಮೇಲೆ, ಬೆಚ್ಚಗಿರುವ ಕೈಯಿಂದ ಮೃದುವಾಗಿ ಮುಟ್ಟಿದರೆ ಎರಡೂ ಕಡೆ ಚೀಲದೊಳಗೆ ಗುಂಡಗೆ ಸಿಗಬೇಕು. ಮೀಯಿಸುವ ಅಜ್ಜಿಗಿಂತ ಉತ್ತಮ ಪರೀಕ್ಷಕರಿಲ್ಲ. ಒಮ್ಮೊಮ್ಮೆ ಸಿಕ್ಕಿ, ಚಳಿಗೆ ಮೇಲೆ ಸರಿದು, ಬಿಸಿನೀರಿಗೆ ಮತ್ತೆ ಇಳಿದು ನಿಲ್ಲುವುದಾದರೆ ಭಯವಿಲ್ಲ. ವರ್ಷಕ್ಕೊಮ್ಮೆ ವೈದ್ಯರಿಂದ ನೋಡಿಸಿದರೆ ಸಾಕು. ಸಿಗದಿದ್ದರೆ ಮಕ್ಕಳ ಶಸ್ತ್ರವೈದ್ಯರ ಬಳಿಗೆ ಹೋಗಬೇಕು. ದಿನ ತುಂಬದೆ ಹುಟ್ಟಿದ ಮಗುವಿಗೆ ಆರು ತಿಂಗಳನ್ನು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸತಕ್ಕದ್ದು.

ವೃಷಣವನ್ನು ಕೆಳಗಿಳಿಸಿ ಚೀಲದಲ್ಲಿ ನಿಲ್ಲಿಸುವ ಶಸ್ತ್ರಕ್ರಿಯೆ ಆರರಿಂದ ಹದಿನೆಂಟು ತಿಂಗಳ ನಡುವೆ ಆಗಬೇಕು. ನುರಿತವರ ಕೈಯಲ್ಲಿ ಅದು ದೊಡ್ಡ ಸಾಹಸವೇನಲ್ಲ. ಅನೇಕ ಮಕ್ಕಳು ಅಂದೇ ಮನೆಗೆ ಮರಳುತ್ತಾರೆ. ಒಂದು ಕಡೆ ಮಾತ್ರ ಇಳಿಯದಿದ್ದವರು ಸಾಮಾನ್ಯವಾಗಿ ಎಲ್ಲರಂತೆ ತಂದೆಯರಾಗುತ್ತಾರೆ, ತಾಯಂದಿರು ನಿದ್ದೆಗೆಡಬೇಕಾದುದಿಲ್ಲ. ಆದರೂ ಇಳಿಸಬೇಕು. ಮೇಲೆಯೇ ಉಳಿದ ವೃಷಣಕ್ಕೆ ಮುಂದೆ ಕ್ಯಾನ್ಸರ್ ತಗಲುವ ಸಂಭವ ಕೊಂಚ ಹೆಚ್ಚು. ಹರೆಯಕ್ಕೆ ಮೊದಲೇ ಇಳಿಸಿದರೆ ಆ ಸಂಭವ ಕಡಿಮೆಯಾಗುತ್ತದೆ.

ಆರು ತಿಂಗಳವರೆಗೆ ಕಾಯಬಾರದ ಸಂದರ್ಭಗಳೂ ಉಂಟು. ಹುಟ್ಟಿದಾಗಲೇ ಎರಡೂ ಕಡೆ ಏನೂ ಸಿಗದಿದ್ದರೆ, ಇಲ್ಲವೆ ಮೂತ್ರದ್ವಾರ ಸರಿಯಾದ ಸ್ಥಳದಲ್ಲಿಲ್ಲವೆಂದು ತೋರಿದರೆ, ಮೊದಲ ದಿನಗಳಲ್ಲಿಯೇ ವೈದ್ಯರು ರಕ್ತಪರೀಕ್ಷೆ ಮಾಡಬೇಕು. ಇಂತಹವರಲ್ಲಿ ಕೆಲವರು ಗಂಡಿನಂತೆ ಕಾಣುವ ಹೆಣ್ಣುಶಿಶುಗಳಾಗಿದ್ದು, ಅಡ್ರಿನಲ್ ಗ್ರಂಥಿಯ ದೋಷದಿಂದ ಒಂದೆರಡು ವಾರಗಳಲ್ಲಿಯೇ ಪ್ರಾಣಾಪಾಯಕ್ಕೆ ಒಳಗಾಗುವುದುಂಟು. ತೊಡೆಸಂದಿನಲ್ಲಿ ಗಟ್ಟಿಯಾದ ಗಂಟು ಎದ್ದು, ಮಗು ಬಿಡದೆ ಅತ್ತು ವಾಂತಿ ಮಾಡಿದರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಬೇಕು.

ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಅಕ್ಕನಿಂದ ಫೋನು ಬಂದಿತು. “ತಮ್ಮಾ, ಇಳಿಯಿತು,” ಎಂದಳು. ಅಡಿಕೆಯ ಧಾರಣೆ ಇಳಿಯಿತೆಂದು ತಿಳಿದು ನಾನು ಸಮಾಧಾನ ಹೇಳಲು ತೊಡಗಿದೆ. “ಧಾರಣೆಯಲ್ಲವೋ, ಮಾಣಿಯದು!” ಎಂದು ನಕ್ಕಳು. ನಾಲ್ಕನೆಯ ತಿಂಗಳು ಹಿಡಿಯುವಷ್ಟರಲ್ಲಿ ಎಡಗಡೆಯದೂ ತನ್ನ ಸ್ಥಳಕ್ಕೆ ಬಂದಿತ್ತು. ಅನ್ನಪ್ರಾಶನಕ್ಕೆ ನಾನು ಹೋದಾಗ ನೋಡಿದೆ, ಎರಡೂ ಸರಿಯಾಗಿದ್ದುವು.

ಅಂದು ಅಕ್ಕ ಇನ್ನೊಂದು ಸಂಗತಿ ಹೇಳಿದಳು. ತೋಟದ ಕೆಲಸಕ್ಕೆ ಬರುವವಳೊಬ್ಬಳ ಮಗುವಿಗೆ ಎಂಟು ತಿಂಗಳು. ಅದನ್ನು ಮೀಯಿಸಲು ಹೋದಾಗ ಬಲಗಡೆ ಬರಿದಾಗಿದ್ದುದನ್ನು ಅಕ್ಕ ಗಮನಿಸಿದಳು. ತಾಯಿ ನಾಚಿಕೊಂಡಳು, ತಂದೆ, “ದೊಡ್ಡವನಾದರೆ ಸರಿಹೋಗುತ್ತದೆ ಅಮ್ಮಾ” ಎಂದ. ಅಕ್ಕ ಬಿಡಲಿಲ್ಲ. ಮೊದಲು ಯಲ್ಲಾಪುರದ ವೈದ್ಯರಿಗೆ ತೋರಿಸಿ, ಅಲ್ಲಿಂದ ಚೀಟಿ ಬರೆಸಿ, ಹುಬ್ಬಳ್ಳಿಗೆ ಕಳುಹಿಸಿದಳು. ಶಸ್ತ್ರಕ್ರಿಯೆ ಆಗಿ ಮಗು ಆಡಿಕೊಂಡಿದೆ.

“ಅವರಿಗೆ ಏನೆಂದು ಹೇಳಿದೆ, ಅಕ್ಕ?” ಎಂದು ಕೇಳಿದೆ.

“ಹೇಳುವುದೇನು? ಕರು ಹುಟ್ಟಿದರೆ ಬಾಲ ಎತ್ತಿ, ಕಾಲು ಎತ್ತಿ, ಎಲ್ಲ ನೋಡಿ ಊರಿಗೆಲ್ಲ ಹೇಳುತ್ತೇವೆ. ಮಗುವಿಗಾದರೆ ಬಾಯಿ ಕಟ್ಟಿಕೊಳ್ಳುವುದೇ, ಎಂದೆ,” ಎಂದಳು ಅಕ್ಕ.